ಮೈಕ್ರೋಪ್ಲಾಸ್ಟಿಕ್ ಫಾರ್ವರ್ಡ್‌ಗಳ ಬಗ್ಗೆ
ಎಲ್ರಿಗೂ ನಮಸ್ಕಾರ, ನಿನ್ನೆಯಿಂದ ಮೈಕ್ರೋಪ್ಲಾಸ್ಟಿಕ್, ಅಂದ್ರೆ ತೀರಾ ಸಣ್ಣ ಪ್ಲಾಸ್ಟಿಕ್ ಕಣಗಳ ಬಗ್ಗೆ ಬರೀ ಹೆದರ್ಸೋ ಫಾರ್ವರ್ಡ್‌ಗಳೇ ಬರ್ತಿವೆ, ಸ್ವಲ್ಪ ನಿಲ್ಸಿ ಪ್ಲೀಸ್. ಅದ್ರ ಬದ್ಲು ನಮ್ಮ ಬೆಂಗ್ಳೂರಿನ ಐಐಎಸ್‌ಸಿಯವ್ರದ್ದು 2024ರಲ್ಲಿ ಒಂದು ಕೆಲ್ಸ ಸುದ್ದಿಯಾಗಿತ್ತಲ್ಲ ಅದನ್ನ ನೋಡಿ, ನೀರಲ್ಲಿರೋ ಪ್ಲಾಸ್ಟಿಕ್ ಕಣ ಹಿಡಿಯೋ ಹೈಡ್ರೋಜೆಲ್, ಅಂದ್ರೆ ನೀರು ಹೀರ್ಕೊಳ್ಳೋ ಜೆಲ್ಲಿ ತರದ ವಸ್ತು. ಕೈಟೋಸಾನ್, ಪಾಲಿವಿನೈಲ್ ಆಲ್ಕೋಹಾಲ್, ಪಾಲಿಅನಿಲಿನ್ ಅನ್ನೋ ಮೂರು ಪಾಲಿಮರ್‌ಗಳನ್ನ (ಉದ್ದ ಸರಪಳಿ ತರದ ಅಣುಗಳು) ಬಲೆ ತರ ಹೆಣೆದು ಒಳಗೆ ತಾಮ್ರ ಇರೋ ಕೆಟಲಿಸ್ಟ್ (ರಾಸಾಯನಿಕ ಕ್ರಿಯೆ ಚುರುಕು ಮಾಡೋ ವಸ್ತು) ಕೂರ್ಸಿದಾರೆ, ಕಣ ಬಂದು ಅಂಟ್ಕೊಳ್ಳತ್ತೆ, ಯುವಿ ಬೆಳಕು ಬಿಟ್ರೆ ಅಲ್ಲೇ ಒಡೆದು ಹೋಗತ್ತೆ. ಹಿಡಿದು ಇನ್ನೊಂದು ಕಡೆ ಸುರಿಯೋದಲ್ಲ, ನಂಗೆ ಇಷ್ಟ ಆಗಿದ್ದೇ ಅದು! ಎರಡು ಬಗೆ ಮೈಕ್ರೋಪ್ಲಾಸ್ಟಿಕ್‌ನಲ್ಲಿ ಸುಮಾರು 95, 93 ಪರ್ಸೆಂಟ್ ತೆಗ್ದಿದೆ, ಐದು ಸಲದವರೆಗೂ ಮತ್ತೆ ಯೂಸ್ ಮಾಡ್ಬಹುದಂತೆ. ಇದು ಲ್ಯಾಬ್ ಲೆಕ್ಕ, ಅಂಗಡೀಲಿ ಫಿಲ್ಟರ್ ಸಿಗತ್ತಾ ಅಂತ ಕೇಳ್ಬೇಡಿ. ಇನ್ಮೇಲೆ ಹೆದರ್ಸೋ ಮೆಸೇಜ್ ಹಾಕೋರು ಎಲ್ಲಿಂದ ಬಂತು ಅನ್ನೋದನ್ನೂ ಜೊತೆಗೇ ಹಾಕಿ.