ಗಿಡ್ಡ ಸಾಲಿಗೆ ಪದ ತುರುಕುವುದು ಬೇಡ

ಐರಿಷ್ ಕವಿತೆಗಳಿಗೆ ರಾಗ ಹಾಕಿ ಊರೂರು ಸುತ್ತಿ ಹಾಡುವ ಜನಪದ ಗಾಯಕರ ಕುರಿತ ಲೇಖನ ಸಂತೋಷ ತಂದಿತು. ಆದರೆ ಮಟ್ಟಿಗೆ ಹೊಂದಿಸಲೆಂದು ಕವಿಯ ಸಾಲನ್ನು ಹಿಗ್ಗಿಸುವುದು ಸರಿಯಲ್ಲ. ಐರಿಷ್ ಕವಿ ಯೇಟ್ಸ್ ಅವರ ‘ದಿ ಲೇಕ್ ಐಲ್ ಆಫ್ ಇನಿಸ್‌ಫ್ರೀ’ ಕವಿತೆಯನ್ನೇ ನೋಡಿ. ಪ್ರತಿ ಪದ್ಯದ ಮೊದಲ ಮೂರು ಸಾಲಿಗೆ ಆರಾರು ಒತ್ತು (ಓದುವಾಗ ಒತ್ತಿ ನುಡಿಯುವ ಜಾಗ), ಕೊನೆಯದಕ್ಕೆ ನಾಲ್ಕೇ. ನಾಲ್ಕೂ ಸಾಲಿಗೆ ಒಂದೇ ಅಳತೆಯ ಮಟ್ಟು ಹಾಕಿದರೆ ಕೊನೆಯ ಸಾಲಿನಲ್ಲಿ ಎರಡು ಒತ್ತಿನ ಜಾಗ ಖಾಲಿ ಉಳಿಯುತ್ತದೆ. ಅದನ್ನು ತುಂಬಲು ಸ್ವರ ಎಳೆಯುತ್ತಾರೆ, ಇಲ್ಲವೇ ಕವಿ ಬರೆಯದ ಪದ ಸೇರಿಸುತ್ತಾರೆ. ಪದ್ಯ ತಣ್ಣಗೆ ಮೌನಕ್ಕೆ ಇಳಿಯುವುದೇ ಆ ಗಿಡ್ಡ ಸಾಲಿನಲ್ಲಿ. ಅದು ಹಿಗ್ಗಿದರೆ ಕವಿತೆಯೇ ಕೆಟ್ಟಂತೆ.

ಮತ್ತೊಬ್ಬ ಐರಿಷ್ ಕವಿ ಪ್ಯಾಟ್ರಿಕ್ ಕವನಾ ಅವರ ‘ಆನ್ ರಾಗ್ಲನ್ ರೋಡ್’ ಕವಿತೆಗೆ ಈ ತೊಡಕಿಲ್ಲ. ಏಳು ಒತ್ತಿನ ಅದರ ಉದ್ದ ಸಾಲುಗಳು ‘ದಿ ಡಾನಿಂಗ್ ಆಫ್ ದಿ ಡೇ’ ಎಂಬ ಹಳೆಯ ಐರಿಷ್ ಮಟ್ಟಿಗೆ ಹೊಲಿದಂತೆ ಕೂರುತ್ತವೆ. ಐರಿಷ್ ಗಾಯಕ ಲ್ಯೂಕ್ ಕೆಲ್ಲಿ ಅವರ ಕಂಠದಲ್ಲಿ ಅದು ಮನೆಮಾತಾದುದಕ್ಕೆ ಈ ಹೊಂದಿಕೆಯೂ ಕಾರಣ.

ಆದ್ದರಿಂದ ರಾಗ ಹಾಕುವವರು ಮೊದಲು ಕವಿತೆಯನ್ನು ಗಟ್ಟಿಯಾಗಿ ಓದಿ, ಪ್ರತಿ ಸಾಲಿನ ಒತ್ತನ್ನು ಬೆರಳಲ್ಲಿ ಎಣಿಸಿಕೊಳ್ಳಲಿ. ಗಿಡ್ಡ ಸಾಲಿನಲ್ಲಿ ಖಾಲಿ ಉಳಿಯುವ ಒತ್ತಿನ ಜಾಗವನ್ನು ಪಿಟೀಲಿಗೋ ಹಾರ್ಪಿಗೋ ಬಿಟ್ಟುಕೊಡಲಿ. ಕಾರ್ಯಕ್ರಮದ ಕರಪತ್ರದಲ್ಲಿ ಮೂಲ ಪದ್ಯವನ್ನೂ ಹಳೆಯ ಮಟ್ಟಿನ ಹೆಸರನ್ನೂ ಅಚ್ಚು ಹಾಕಿದರೆ ಕೇಳುಗರಿಗೂ ಅನುಕೂಲ.

– ಓದುಗ, ಧಾರವಾಡ