ಹಾಳೆ ಟೋಪಿಯ ಆ ಹಿರಿಯರಿಗೆ

ಜರ್ಮನಿಯಲ್ಲಿ ಓದುತ್ತಿರುವ ನಾನು ರಜೆಗೆಂದು ಶಿವಮೊಗ್ಗದ ಮನೆಗೆ ಬಂದಿದ್ದಾಗ, ಮಳೆಗಾಲದ ಮಲೆನಾಡನ್ನು ನೋಡಲೆಂದೇ ಬಂದ ಇಬ್ಬರು ಸಹಪಾಠಿಗಳನ್ನು ಕರೆದುಕೊಂಡು ಅಪ್ಪನ ಕಾರಿನಲ್ಲಿ ತೀರ್ಥಹಳ್ಳಿ ಮಾರ್ಗವಾಗಿ ಆಗುಂಬೆಗೆ ಹೊರಟಿದ್ದೆ. ಗುಡ್ಡೇಕೇರಿ ದಾಟಿದ ಮೇಲೆ ಹಿಂದಿನ ಚಕ್ರ ಪಂಚರ್ ಆಯಿತು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಜ್ಯಾಕ್ ಏರಿಸಿದಷ್ಟೂ ನೆನೆದ ಮಣ್ಣಿನಲ್ಲಿ ಹುಗಿಯುತ್ತಿತ್ತು. ನನ್ನನ್ನೇ ನಂಬಿ ಬಂದವರೆದುರು ನನಗೆ ಅಳು ಬರುವಂತಾಗಿತ್ತು.

ಮಳೆ ಹೊಳವಾಗಿದ್ದ ಹೊತ್ತಿನಲ್ಲಿ ಅಡಿಕೆ ತೋಟಕ್ಕೆ ಔಷಧಿ ಹೊಡೆಸಿ ಮನೆಗೆ ಮರಳುತ್ತಿದ್ದ ತಾವು, ಅಂಗಿಯ ಮೇಲೆ ಬೋರ್ಡೋ ದ್ರಾವಣದ ನೀಲಿ ಕಲೆಗಳಿರುವಂತೆಯೇ, ನಾವು ಕೈ ಅಡ್ಡ ಹಿಡಿಯುವ ಮೊದಲೇ ಬೈಕು ನಿಲ್ಲಿಸಿದಿರಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಸ್ಪ್ಯಾನರ್ ಮೇಲೆ ಕಾಲೂರಿ ನಟ್ಟುಗಳನ್ನು ಸಡಿಲಿಸಿ, ಪಕ್ಕದ ತೋಟದಿಂದ ಹಲಗೆಯೊಂದನ್ನು ತಂದು ಜ್ಯಾಕಿನ ಅಡಿಗಿಟ್ಟಿರಿ. ಅಷ್ಟರಲ್ಲಿ ಮಳೆ ಮತ್ತೆ ಹಿಡಿದಿತ್ತು. ಆದರೂ ಬಿಚ್ಚಿದ ನಟ್ಟುಗಳು ಕೆಸರಿನಲ್ಲಿ ಕಳೆಯದಿರಲೆಂದು ತಲೆಯ ಮೇಲಿನ ಅಡಿಕೆ ಹಾಳೆಯ ಟೋಪಿಯನ್ನು ತೆಗೆದು, ಅವನ್ನು ಅದರಲ್ಲಿ ಹಾಕಿಟ್ಟು, ಕೆಲಸ ಮುಗಿಯುವವರೆಗೂ ಬರಿದಲೆಯಲ್ಲಿ ನೆನೆದಿರಿ. ಕನ್ನಡ ಬಾರದ ನನ್ನ ಗೆಳತಿ ಕೊಡೆ ಹಿಡಿಯಲು ಬಂದಾಗ, "ನಂಗೆ ಬ್ಯಾಡ ತಂಗಿ, ನೀನು ನೆನೀಬ್ಯಾಡ" ಎನ್ನುತ್ತ ಅದನ್ನು ಅವಳತ್ತಲೇ ಸರಿಸಿದಿರಿ. ಆ ಮಾತು ಅವಳಿಗೆ ಅರ್ಥವಾಗಿತ್ತು.

ಹಣವನ್ನು ಮುಟ್ಟಲಿಲ್ಲ. ಬೇರೆ ಸ್ಟೆಪ್ನಿ ಇಲ್ಲದೆ ಘಾಟಿಯ 14 ತಿರುವುಗಳನ್ನು ಇಳಿಯಬೇಡಿ, ಮೊದಲು ತೀರ್ಥಹಳ್ಳಿಗೆ ಮರಳಿ ಪಂಚರ್ ಹಾಕಿಸಿ ಎಂದಿರಿ. ನಾನು ಕಾರು ತಿರುಗಿಸುವಷ್ಟು ಹೊತ್ತೂ ರಸ್ತೆಯ ನಡುವೆ ನಿಂತು, ಎದುರಿನಿಂದ ಬಂದ ಬಸ್ಸನ್ನು ಕೈ ತೋರಿಸಿ ತಡೆದಿರಿ. ಗಾಬರಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ. ಮರುದಿನ ನಾವು ಆಗುಂಬೆಯನ್ನು ಕಂಡೆವು. ನಿಮಗೆ ನಮ್ಮ ಮೂವರ ಹೃತ್ಪೂರ್ವಕ ಧನ್ಯವಾದಗಳು.