ಕ್ಯಾಡೋ ಸರೋವರಕ್ಕೆ ಇಳಿಯುವ ಮೊದಲು

ಪ್ಲೇನೋ, ಟೆಕ್ಸಾಸ್

ಪ್ರೀತಿಯ ಅಣ್ಣ, ಅತ್ತಿಗೆಗೆ ನಮಸ್ಕಾರ. ಮಕ್ಕಳಿಬ್ಬರಿಗೂ ಮುದ್ದು.

ನವೆಂಬರಿನಲ್ಲಿ ನೀವು ಬರುವುದು ಖಾತ್ರಿಯಾದ ಮೇಲೆ ಕ್ಯಾಡೋ ಲೇಕ್ ಸ್ಟೇಟ್ ಪಾರ್ಕಿನಲ್ಲಿ ಎರಡು ರಾತ್ರಿಗೆ ಟೆಂಟ್ ಜಾಗ ಕಾಯ್ದಿರಿಸಿದ್ದೇವೆ. ಇಲ್ಲಿಂದ ಪೂರ್ವಕ್ಕೆ ಮೂರು ಗಂಟೆಯ ದಾರಿ, ಲೂಯಿಸಿಯಾನ ಗಡಿಯ ಪಕ್ಕ, ಕಾರ್ನ್ಯಾಕ್ ಅನ್ನುವ ಊರು. ಜೌಗಿನ ನೀರಿನಲ್ಲಿ ಮಕ್ಕಳನ್ನು ದೋಣಿಗೆ ಹತ್ತಿಸುವುದು ಸರಿಯೇ ಅಂತ ಅಮ್ಮ ಕೇಳಿದ್ದಾರಂತೆ. ಧೈರ್ಯವಾಗಿ ಹತ್ತಿಸಬಹುದು. ಅಲ್ಲಿ ಸೆಳವು ತೀರಾ ಕಡಿಮೆ. ಸರೋವರದ ಸರಾಸರಿ ಆಳ ಎಂಟು ಹತ್ತು ಅಡಿ, ಮರಗಳ ನಡುವೆ ಅದಕ್ಕಿಂತಲೂ ಕಡಿಮೆ. ಜನ ಎಡವುವುದು ದಾರಿಯ ವಿಷಯದಲ್ಲಿ. ಅದನ್ನೇ ಮೊದಲು ಬರೆಯುತ್ತೇನೆ.

ಸೈಪ್ರೆಸ್ ಮರಗಳು ನೀರಿನಲ್ಲೇ ನಿಂತಿರುತ್ತವೆ. ಬುಡ ಅಗಲವಾಗಿ ಉಬ್ಬಿ, ಸುತ್ತ ಬೇರಿನ ಗೂಟಗಳು ಎದ್ದಿರುತ್ತವೆ. ಕೊಂಬೆಗಳಿಂದ ಬೂದುಬಣ್ಣದ ಸ್ಪ್ಯಾನಿಷ್ ಮಾಸ್ ಜೋತಾಡುತ್ತದೆ. ಹೆಸರಿನಲ್ಲಿ ಪಾಚಿ ಅಂತಿದ್ದರೂ ಅದು ಅನಾನಸಿನ ಕುಟುಂಬದ ಗಿಡ, ಮರದ ಸತ್ವವನ್ನೇನೂ ಹೀರುವುದಿಲ್ಲ. ನೋಡಲು ಕಣ್ಣು ಸಾಲದು, ಆದರೆ ಎತ್ತ ತಿರುಗಿದರೂ ಒಂದೇ ನೋಟ. ಎರಡು ತಿರುವು ದಾಟಿದರೆ ಬಂದ ದಾರಿ ಯಾವುದೆಂದು ಗೊತ್ತಾಗುವುದಿಲ್ಲ. ಅದಕ್ಕೇ ಅಲ್ಲಿ ಬೋಟ್ ರೋಡ್ ಅಂತ ಗುರುತು ಹಾಕಿದ ನೀರುದಾರಿಗಳಿವೆ, ಅಲ್ಲಲ್ಲಿ ಸಂಖ್ಯೆಯ ಫಲಕಗಳಿವೆ. ಹೊರಡುವಾಗ ಫಲಕದ ಸಂಖ್ಯೆಯನ್ನು ಬರೆದುಕೊಳ್ಳುತ್ತಾ ಹೋಗಬೇಕು. ಈ ಕೆಲಸ ಪುಟ್ಟಿಗೆ ಒಪ್ಪಿಸೋಣ. ಮುಂದಿನ ಫಲಕ ಕಾಣಿಸದಿದ್ದರೆ ಮುಂದೆ ಹೋಗಕೂಡದು, ಹಿಂದಿನ ಫಲಕಕ್ಕೆ ಮರಳಿ ಅಲ್ಲಿಂದ ನೋಡಬೇಕು. ಮರಗಳ ನಡುವೆ ಅಡ್ಡದಾರಿ ಹಿಡಿದವರೇ ಸಾಮಾನ್ಯವಾಗಿ ಕತ್ತಲಾಗುವವರೆಗೆ ಸುತ್ತುವವರು. ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಒಂದು ಕಾಗದದ ಪ್ರತಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು ದೋಣಿಗೆ ಕಟ್ಟುತ್ತೇವೆ. ನವೆಂಬರ್ ಮಧ್ಯದಲ್ಲಿ ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಮರಗಳ ಒಳಗೆ ಅದಕ್ಕೂ ಮೊದಲೇ ಮಬ್ಬು ಕವಿಯುತ್ತದೆ. ಮೂರು ಗಂಟೆಗೆ ಎಲ್ಲಿದ್ದರೂ ಸರಿ, ದೋಣಿ ಹಿಂದಿರುಗಿಸಲೇಬೇಕು. ಮಕ್ಕಳ ಜೊತೆ ಗಂಟೆಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ಸಾಗುತ್ತದೆ ಅಂತ ಲೆಕ್ಕ ಹಾಕಬೇಡ.

ಬೆಳಗ್ಗೆಯೂ ತೀರ ಬೇಗ ಇಳಿಯುವುದು ಬೇಡ. ಆ ತಿಂಗಳು ಬಾತುಕೋಳಿ ಬೇಟೆಯ ಕಾಲ. ಬೇಟೆಗಾರರು ಮುಂಜಾನೆ ಮರೆಯಲ್ಲಿ ಕೂತಿರುತ್ತಾರೆ. ಒಂಬತ್ತರ ನಂತರ, ಕೆಂಪೋ ಕಿತ್ತಳೆಯೋ ಎದ್ದು ಕಾಣುವ ಬಣ್ಣದ ಬಟ್ಟೆಯಲ್ಲಿ ಹೋಗೋಣ.

ದೋಣಿ ಅಂದರೆ ಕ್ಯಾನೂ, ಹದಿನಾರು ಹದಿನೇಳು ಅಡಿ ಉದ್ದದ್ದು. ನೀನು ತುಂಗೆಯಲ್ಲಿ ಹುಟ್ಟು ಹಾಕಿದವನು, ಆದರೂ ಹೇಳುತ್ತೇನೆ. ಹರಿಗೋಲು ಅಗಲ, ತಳ ಚಪ್ಪಟೆ. ಕ್ಯಾನೂ ಕಿರಿದು, ಎದ್ದು ನಿಂತರೆ ಮಗುಚುತ್ತದೆ. ಹತ್ತುವಾಗ ಬಗ್ಗಿ, ಎರಡೂ ಅಂಚು ಹಿಡಿದು, ನಡು ಗೆರೆಯ ಮೇಲೆ ಕಾಲಿಡಬೇಕು. ಒಬ್ಬರು ಹತ್ತುವಾಗ ಇನ್ನೊಬ್ಬರು ದೋಣಿ ಹಿಡಿದಿರಬೇಕು. ಹೆಚ್ಚು ತೂಕದವರು ಹಿಂದೆ, ಸಾಮಾನು ತಳದ ನಡುವೆ. ಮೂತಿ ತೀರ ಮೇಲೆದ್ದರೆ ಗಾಳಿ ಅದನ್ನು ಹಿಡಿದು ತಿರುಗಿಸುತ್ತದೆ, ಎಷ್ಟು ಹುಟ್ಟು ಹಾಕಿದರೂ ನೇರ ಹೋಗುವುದಿಲ್ಲ.

ಒಂದು ಕೈ ಹುಟ್ಟಿನ ತುದಿಯ ಹಿಡಿಯ ಮೇಲೆ, ಇನ್ನೊಂದು ಅಲಗಿನ ತುಸು ಮೇಲೆ. ಮುಂದಿನವರು ಬಲಕ್ಕೆ ಹಾಕಿದರೆ ಹಿಂದಿನವರು ಎಡಕ್ಕೆ. ಆದರೂ ಹಿಂದಿನವರ ಬಲ ಮೂತಿಯನ್ನು ಎದುರು ಪಕ್ಕಕ್ಕೆ ತಳ್ಳುತ್ತದೆ. ಅದನ್ನು ಸರಿಪಡಿಸಲು ಪ್ರತಿ ಎಳೆತದ ಕೊನೆಯಲ್ಲಿ, ಮೇಲಿನ ಕೈಯ ಹೆಬ್ಬೆರಳು ಕೆಳಮುಖವಾಗುವಂತೆ ಹುಟ್ಟನ್ನು ತಿರುಗಿಸಿ, ಅಲಗಿನಿಂದ ನೀರನ್ನು ಸ್ವಲ್ಪ ಹೊರಕ್ಕೆ ತಳ್ಳಬೇಕು. ಇದೊಂದು ಬಂದರೆ ಪಕ್ಕ ಬದಲಿಸುತ್ತಾ ಕೂರುವ ಕಷ್ಟವಿಲ್ಲ. ಪಾರ್ಕಿನೊಳಗಿನ ಸಾ ಮಿಲ್ ಪಾಂಡ್‌ನಲ್ಲಿ ಒಂದು ಗಂಟೆ ಅಭ್ಯಾಸ ಮಾಡಿ ಆಮೇಲೆ ಬಿಗ್ ಸೈಪ್ರೆಸ್ ಬಾಯೂ ಅನ್ನುವ ನಿಧಾನ ಹರಿವಿನ ಹೊಳೆಯ ಕಡೆ ಹೋಗೋಣ.

ನೀರೊಳಗಿನ ಬೊಡ್ಡೆಗೆ ದೋಣಿಯ ಮೂತಿ ಏರಿ ಸಿಕ್ಕಿಕೊಳ್ಳುವುದು ಅಲ್ಲಿ ಮಾಮೂಲು. ಆಗ ಮರವನ್ನು ಕೈಯಿಂದ ತಳ್ಳಲು ಪಕ್ಕಕ್ಕೆ ವಾಲಬಾರದು, ಹೆಚ್ಚಿನ ದೋಣಿಗಳು ಮಗುಚುವುದು ಆ ಕ್ಷಣದಲ್ಲಿ. ಮುಂದಿನವರು ಕೂತಲ್ಲೇ ಬಗ್ಗಿ ಹಿಂದಕ್ಕೆ ಸರಿದರೆ ಮೂತಿ ಹಗುರಾಗುತ್ತದೆ, ಹಿಂದಿನವರು ಹಿಮ್ಮುಖ ಹುಟ್ಟು ಹಾಕಿದರೆ ದೋಣಿ ಬಿಡಿಸಿಕೊಳ್ಳುತ್ತದೆ. ತಗ್ಗಿನ ಕೊಂಬೆಗಳಲ್ಲಿ ಕಣಜದ ಗೂಡಿರಬಹುದು, ಹಾಗಾಗಿ ಕೊಂಬೆ ಹಿಡಿದು ಎಳೆಯುವುದೂ ಬೇಡ. ಒಂದು ವೇಳೆ ಮಗುಚಿದರೆ ದೋಣಿಯನ್ನು ಬಿಡಬಾರದು, ಹಿಡಿದು ತೇಲುತ್ತಲೇ ಆಳ ಕಡಿಮೆಯಿರುವ ಕಡೆಗೆ ಹೋಗಬೇಕು. ತಳದಲ್ಲಿ ಕೆಸರೂ ಬೇರೂ ಇರುವುದರಿಂದ ಕಾಲೂರಿ ನಡೆಯಲು ಹೋದರೆ ಪಾದ ಸಿಕ್ಕಿಕೊಳ್ಳುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ರಾಜಿಯಿಲ್ಲ. ಇಲ್ಲಿನ ಕಾನೂನಿನಂತೆ ಇಂಥ ದೋಣಿ ಸಾಗುತ್ತಿರುವಾಗ 13 ವರ್ಷದ ಒಳಗಿನವರು ತೊಟ್ಟಿರಲೇಬೇಕು, ನಾವು ದೊಡ್ಡವರೂ ತೊಡುತ್ತೇವೆ. ಮಕ್ಕಳ ಜಾಕೆಟ್ಟಿಗೆ ವಯಸ್ಸಲ್ಲ, ತೂಕವೇ ಅಳತೆ. ಇಬ್ಬರ ತೂಕವನ್ನೂ ಬರೆದು ಕಳಿಸು. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಎತ್ತಿದರೆ ಅದು ಗಲ್ಲ ದಾಟಿ ಮೇಲೆ ಬರಬಾರದು. ಮೊಸಳೆಯ ಬಂಧು ಆಲಿಗೇಟರ್ ಅಲ್ಲಿವೆ. ಚಳಿಗೆ ಅವು ಮಂದವಾಗಿರುತ್ತವೆ. ಕಂಡರೆ ಮೂವತ್ತು ಅಡಿ ದೂರದಲ್ಲೇ ಇರಬೇಕು, ತಿನ್ನಲು ಏನೂ ಎಸೆಯಬಾರದು.

ಅಪ್ಪನಿಗೆ ಓದಿ ಹೇಳಬೇಕಾದ ವಿಷಯ ಇದು. ಕ್ಯಾಡೋಗೆ ದೊಡ್ಡ ಪಿಡುಗು ಜೈಂಟ್ ಸಾಲ್ವೀನಿಯ, ಬ್ರೆಜಿಲ್ ಮೂಲದ ತೇಲುವ ಜರೀಗಿಡ. 2006ರಲ್ಲಿ ಇಲ್ಲಿ ಮೊದಲು ಕಾಣಿಸಿತು. ಎಲೆಯ ಮೇಲೆ ಮೊಟ್ಟೆ ಕಡೆಯುವ ಕಡ್ಡಿಯ ತಲೆಯಂಥ ನವಿರಾದ ಕೂದಲು, ಅದರಿಂದ ನೀರು ಅಂಟುವುದೇ ಇಲ್ಲ. ಬಿಸಿಲು ಕಾಲದಲ್ಲಿ ವಾರದೊಳಗೆ ಇಮ್ಮಡಿಯಾಗಿ ದಪ್ಪ ಹಾಸಿನಂತೆ ನೀರನ್ನು ಮುಚ್ಚುತ್ತದೆ. ಕೆಳಗೆ ಬೆಳಕೂ ಆಮ್ಲಜನಕವೂ ಇಲ್ಲದೆ ಮೀನು ಸಾಯುತ್ತವೆ. ಇದನ್ನು ತಿನ್ನುವುದು ಎರಡು ಮಿಲಿಮೀಟರ್ ಉದ್ದದ ಒಂದು ಸೊಂಡಿಲುಹುಳು. ಹುಳು ಕುಡಿಯನ್ನು ತಿಂದರೆ ಅದರ ಮರಿ ಕಾಂಡವನ್ನು ಕೊರೆಯುತ್ತದೆ, ಗಿಡ ಕಂದಾಗಿ ಮುಳುಗುತ್ತದೆ. ಇದೇ ಹುಳುವನ್ನು ಆಸ್ಟ್ರೇಲಿಯಾದಿಂದ ತರಿಸಿ 1983–84ರಲ್ಲಿ ನಮ್ಮ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟಿದ್ದರು, ವರ್ಷ ತುಂಬುವ ಮೊದಲೇ ಕೊಳ ಚೊಕ್ಕಟವಾಯಿತು. ಆಮೇಲೆ ಕೇರಳದ ಕಾಲುವೆಗಳಲ್ಲೂ ಅದು ಗೆದ್ದಿತು. ಕ್ಯಾಡೋದಲ್ಲಿ ಅಷ್ಟು ಸಲೀಸಲ್ಲ, ಚಳಿಗಾಲದ ಹಿಮಗಟ್ಟುವ ಚಳಿಗೆ ಹುಳು ಸಾಯುತ್ತವೆ. ಹಾಗಾಗಿ ಬೇರೆಡೆ ಸಾಕಿ ಮತ್ತೆ ಮತ್ತೆ ತಂದು ಬಿಡಬೇಕಾಗುತ್ತದೆ. ಒಂದು ತುಂಡು ಸಾಕು, ಇನ್ನೊಂದು ಕೆರೆಗೆ ಹಬ್ಬಲು. ದೋಣಿ ಮೇಲೆತ್ತಿದ ತಕ್ಷಣ ತಳ, ಹುಟ್ಟು, ಹಗ್ಗ, ಚಪ್ಪಲಿಯ ಪಟ್ಟಿ ಎಲ್ಲವನ್ನೂ ಕೈಯಾಡಿಸಿ ನೋಡಿ, ನೀರನ್ನು ಅಲ್ಲೇ ಚೆಲ್ಲಬೇಕು. ಗಿಡ ಅಂಟಿಸಿಕೊಂಡು ಹೋದರೆ ಟೆಕ್ಸಾಸಿನಲ್ಲಿ ದಂಡವೂ ಉಂಟು.

ಟೆಂಟು ನೀರಿನ ಅಂಚಿನಲ್ಲಲ್ಲ, ಮೇಲಿನ ಪೈನ್ ಮರಗಳ ನಡುವೆ. ಮೂರೆಲೆಯ ಪಾಯ್ಸನ್ ಐವಿ ಬಳ್ಳಿ ತಾಕಿದರೆ ಮೈಯೆಲ್ಲ ತುರಿಕೆ, ಮಕ್ಕಳಿಗೆ ತೋರಿಸಿಕೊಡುತ್ತೇನೆ. ಊಟದ ಸಾಮಾನು ರಾತ್ರಿ ಕಾರಿನಲ್ಲಿ, ಇಲ್ಲವಾದರೆ ರ‍್ಯಾಕೂನ್ ಬಿಚ್ಚಿ ತಿನ್ನುತ್ತದೆ. ಸೌದೆ ಅಲ್ಲೇ ಕೊಳ್ಳೋಣ, ದೂರದ ಸೌದೆಯ ಜೊತೆ ಮರ ಕೊರೆಯುವ ಹುಳು ಬರುತ್ತವೆ. ಹಗಲು ಇಪ್ಪತ್ತು ಡಿಗ್ರಿ ಇದ್ದರೂ ರಾತ್ರಿ ಐದಾರಕ್ಕೆ ಇಳಿಯಬಹುದು. ಚಳಿ ನೆಲದಿಂದ ಏರುವುದರಿಂದ ಮೇಲಿನ ಹೊದಿಕೆಗಿಂತ ಕೆಳಗಿನ ಹಾಸು ಮುಖ್ಯ. ಅವೆರಡೂ ನಮ್ಮಲ್ಲಿವೆ, ಅಲ್ಲಿಂದ ಹೊರಬೇಡಿ.

ತರಬೇಕಾದ್ದು ಇಷ್ಟೇ: ಪ್ರತಿಯೊಬ್ಬರಿಗೂ ಎರಡು ಜೊತೆ ಉಣ್ಣೆಯ ಕಾಲುಚೀಲ, ಹಿಂಬದಿ ಪಟ್ಟಿಯಿರುವ ಚಪ್ಪಲಿ, ಬೇಗ ಒಣಗುವ ಪ್ಯಾಂಟು. ಜೀನ್ಸ್ ನೆನೆದರೆ ಇಡೀ ದಿನ ಒಣಗುವುದಿಲ್ಲ. ಅತ್ತಿಗೆಯ ಕೈಯ ಚಟ್ನಿಪುಡಿ ಅರ್ಧ ಕಿಲೋ ಇರಲಿ, ಅವಲಕ್ಕಿ ಇಲ್ಲಿ ಸಿಗುತ್ತದೆ. ಮಕ್ಕಳ ತೂಕ ಮರೆಯದೆ ಬರಿ.

ನಿನ್ನ ತಂಗಿ